ಸೊಸೆಯ ಗಾಜಿನ ಭರಣಿ ಮತ್ತು ನನ್ನ ಕೈಗುಣ

ಮನುಷ್ಯರಿಗೆ ತಮ್ಮ ಬಗ್ಗೆ ಏನಾದರೂ ಒಂದು ಹೆಮ್ಮೆ ಬೇಕು. ಹಾಡು ಬರದವರು ತಮ್ಮ ಅಕ್ಷರ ದುಂಡಗಿದೆ ಎನ್ನುತ್ತಾರೆ. ಅಕ್ಷರವೂ ದುಂಡಗಿಲ್ಲದವರು ಇಷ್ಟು ವಯಸ್ಸಾದರೂ ಒಂದು ಹಲ್ಲು ಹುಳುಕಾಗಿಲ್ಲ ಎಂದಾದರೂ ಹೇಳಿಕೊಳ್ಳುತ್ತಾರೆ. ನನ್ನ ಹೆಮ್ಮೆ ಕೈಗುಣದ್ದು. ನಾನು ನೆಟ್ಟ ಗಿಡ ಸತ್ತದ್ದೇ ಇಲ್ಲ ಎಂದು ಎನ್.ಆರ್.ಪುರದ ನಮ್ಮ ಬೀದಿಯಲ್ಲಿ ಒಂದು ಮಾತಿದೆ. ಆ ಮಾತನ್ನು ಮೊದಲು ಹುಟ್ಟಿಸಿದವಳು ನಾನೇ ಇರಬಹುದು, ಆದರೆ ಈಗ ಬೇರೆಯವರೂ ಹೇಳುತ್ತಾರೆ. ಎದುರುಮನೆ ಶಾರದಮ್ಮ ತಮ್ಮ ಕರಿಬೇವಿನ ಗಿಡ ಒಣಗುತ್ತಾ ಬಂದರೆ ಕುಂಡ ಸಮೇತ ಹೊತ್ತು ತಂದು ನಮ್ಮ ಜಗಲಿಯಲ್ಲಿಟ್ಟು, 'ಒಂದೆರಡು ವಾರ ನಿಮ್ಮ ಕಣ್ಣೆದುರಿಗೆ ಇರ್ಲಿ' ಎಂದು ಹೇಳಿ ಹೋಗುತ್ತಾರೆ. ನಾನು ಅದಕ್ಕೆ ಮಜ್ಜಿಗೆ ಪಾತ್ರೆ ತೊಳೆದ ನೀರು ಹಾಕಿ, ಸ್ವಲ್ಪ ಬೈದು, ಚಿಗುರಿಸಿ ವಾಪಸು ಕೊಡುತ್ತೇನೆ.

ನಿಜ ಹೇಳಬೇಕೆಂದರೆ ನಮ್ಮ ಕಡೆ ಗಿಡ ಬೆಳೆಸಲು ಕೈಗುಣ ಬೇಕಾಗಿಯೇ ಇಲ್ಲ. ಬಟ್ಟೆ ಒಣಹಾಕಲು ನೆಟ್ಟ ಗೂಟ ಮಳೆಗಾಲ ಮುಗಿಯುವುದರೊಳಗೆ ಚಿಗುರಿ ನನ್ನ ಸೀರೆಗಳಿಗೇ ನೆರಳಾಗಿ ನಿಲ್ಲುತ್ತದೆ. ಮರೆತು ಹೊರಗಿಟ್ಟ ಚಪ್ಪಲಿಯಲ್ಲಿ ಹುಲ್ಲು ಹುಟ್ಟುತ್ತದೆ. ಇಂಥ ಊರಿನಲ್ಲಿ ಗಿಡ ಬದುಕಿಸುವುದು ದೊಡ್ಡದಲ್ಲ, ಸಾಯಿಸುವುದೇ ಕಷ್ಟ. ಅಂಥ ಕಷ್ಟದ ಕೆಲಸವನ್ನು ನಾನು ಈ ಆಷಾಢದಲ್ಲಿ ಹೇಗೆ ಸಾಧಿಸಿದೆ ಎಂಬುದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಈ ಬೇಸಿಗೆಯಲ್ಲಿ ನಮ್ಮ ಕಿರಣನ ಮದುವೆಯಾಯಿತು. ಒಬ್ಬನೇ ಮಗ. ನಮ್ಮನೆಯವರು ಪೇಟೆಯಲ್ಲಿ ಗೊಬ್ಬರ ಮತ್ತು ಗಿಡಗಳ ಔಷಧಿಯ ಅಂಗಡಿ ಇಟ್ಟಿದ್ದಾರೆ, ಇವನು ಅವರ ಜೊತೆಗೆ ಕೂರುತ್ತಾನೆ. ಸೊಸೆ ರಚನಾ ಕಿಗ್ಗದ ಹುಡುಗಿ. ಮದುವೆ ಮುಗಿಸಿ ಕಿಗ್ಗದಿಂದ ಹೊರಟ ಕಾರಿನಲ್ಲಿ ಅವಳ ಮಡಿಲಲ್ಲಿ ಒಂದು ದೊಡ್ಡ ಗಾಜಿನ ಭರಣಿ. ಶೃಂಗೇರಿ ದಾಟಿತು, ಕೊಪ್ಪ ದಾಟಿತು, ಅಷ್ಟೂ ತಿರುವುಗಳಲ್ಲಿ ಹುಡುಗಿ ಗಂಡನ ಕೈ ಹಿಡಿದುಕೊಳ್ಳದೆ ಭರಣಿಯನ್ನೇ ತಬ್ಬಿಕೊಂಡು ಕೂತಿದ್ದಳು. ಬಾಗಿಲಲ್ಲಿ ಅಕ್ಕಿ ಸೇರು ಒದ್ದು ಒಳಗೆ ಬರುವಾಗಲೂ ಅದು ಅವಳ ಕೈಯಲ್ಲೇ ಇತ್ತು. ನನ್ನ ನಾದಿನಿಗೆ ಅದು ತವರಿನ ಮಾವಿನಮಿಡಿ ಉಪ್ಪಿನಕಾಯಿಯಂತೆ ಕಂಡು, ನಮ್ಮನೆಯಲ್ಲೇನು ಉಪ್ಪಿನಕಾಯಿಗೆ ಬರಗಾಲವೇ ಎಂದು ನನ್ನ ಕಿವಿಯಲ್ಲಿ ಕೇಳಿದಳು. ಹತ್ತಿರ ಹೋಗಿ ನೋಡಿದರೆ ಒಳಗೆ ಮಿಡಿಯೂ ಇಲ್ಲ, ಖಾರವೂ ಇಲ್ಲ. ಕೆಳಗೆ ಸಣ್ಣ ಜಲ್ಲಿ, ಅದರ ಮೇಲೆ ಇದ್ದಿಲ ಚೂರು, ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ದಟ್ಟ ಹಸಿರು ಪಾಚಿ. ಪಾಚಿಯ ನಡುವೆ ಕಿರುಬೆರಳಷ್ಟು ಎತ್ತರದ ಜರಿಗಿಡ, ಒಂದು ಒಣಕಟ್ಟಿಗೆಯ ತುಂಡು, ಅದರ ಬುಡದಲ್ಲಿ ಉಗುರಿನಷ್ಟೇ ಇರುವ ಒಂದು ಮಣ್ಣಿನ ಮನೆ. ಮೇಲೆ ಬಿಗಿಯಾಗಿ ಮುಚ್ಚಳ. ಇದಕ್ಕೆ ಟೆರೇರಿಯಂ ಎನ್ನುತ್ತಾರಂತೆ. ಮೊಬೈಲಿನಲ್ಲಿ ನೋಡಿ ತಾನೇ ಮಾಡಿದ್ದಂತೆ.

ನಾವು ವರ್ಷಕ್ಕೆ ನಾಲ್ಕು ತಿಂಗಳು ಅಂಗಳದ ಪಾಚಿಯ ಜೊತೆ ಯುದ್ಧ ಮಾಡುವವರು. ಬ್ಲೀಚಿಂಗ್ ಪೌಡರು ಎರಚಿ, ತೆಂಗಿನ ಗರಿಯ ಕಡ್ಡಿಪೊರಕೆ ಹಾಕಿ ಉಜ್ಜಿ, ಇಷ್ಟಾದರೂ ನೆಂಟರಲ್ಲಿ ಯಾರಾದರೊಬ್ಬರು ಜಾರಿ ಬಿದ್ದು ಸೊಂಟ ಹಿಡಿದುಕೊಂಡೇ ಊಟಕ್ಕೆ ಕೂರುತ್ತಾರೆ. ಆ ಪಾಚಿಯನ್ನೇ ಗಾಜಿನಲ್ಲಿ ತುಂಬಿ ನಡುಮನೆಯಲ್ಲಿ, ಟಿವಿ ಪಕ್ಕದಲ್ಲಿ, ಅಲಂಕಾರಕ್ಕೆ ಇಡುವುದೆಂದರೆ! ಆದರೂ ನಾನು ಒಳ್ಳೆಯ ಅತ್ತೆಯಾಗಬೇಕೆಂದು ನಿರ್ಧಾರ ಮಾಡಿಕೊಂಡಿದ್ದೆ. 'ತುಂಬಾ ಚೆನ್ನಾಗಿದೆ ಕಣಮ್ಮ' ಎಂದೆ. ಅವಳು 'ಹೌದಾ ಅತ್ತೆ' ಎಂದು ತಲೆ ತಗ್ಗಿಸಿದಳು.

ಅಷ್ಟೇ. ಆಮೇಲೆ ಅವಳ ಬಾಯಿಂದ ನಾನು ಕೇಳಿದ್ದು ಎರಡೇ ಮಾತು. ಕೆಲಸ ಹೇಳಿದರೆ 'ಸರಿ ಅತ್ತೆ', ಊಟ ಬಡಿಸಿದರೆ 'ಚೆನ್ನಾಗಿದೆ ಅತ್ತೆ'. ಮೊದಮೊದಲು ನನಗೆ ಖುಷಿಯಾಯಿತು, ಎಂಥ ವಿನಯದ ಹುಡುಗಿ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡೆ. ಬರುಬರುತ್ತಾ ಹೆದರಿಕೆ ಶುರುವಾಯಿತು. ಎಲ್ಲದಕ್ಕೂ ಸರಿ ಎನ್ನುವವರ ಮನಸ್ಸಿನಲ್ಲಿ ಎಷ್ಟೊಂದು ಸರಿಯಿಲ್ಲದ್ದು ಇರುತ್ತದೆಂದು ನನಗೆ ಗೊತ್ತಿದೆ, ನಾನೂ ಒಂದು ಕಾಲದಲ್ಲಿ ಸೊಸೆಯಾಗಿದ್ದವಳೇ. ಒಂದು ಮಧ್ಯಾಹ್ನ ನಡುಮನೆಗೆ ಬಂದರೆ ಅವಳು ಭರಣಿಯ ಗಾಜಿಗೆ ಹಣೆ ತಾಗಿಸಿ ಕೂತಿದ್ದಾಳೆ, ಕಣ್ಣು ಒದ್ದೆ. ನನ್ನನ್ನು ಕಂಡು ದೂಳು ಬಿತ್ತು ಎಂದಳು. ಆ ಮಳೆಯಲ್ಲಿ ದೂಳು ಎಲ್ಲಿಂದ ಬರಬೇಕು? ಕಿರಣನನ್ನು ಕರೆದು ಕೇಳಿದೆ. ಅವನು ತಲೆ ಕೆರೆದುಕೊಂಡು, ಆ ಪಾಚಿ ಕಿಗ್ಗದ ಅವರ ಮನೆಯ ಬಾವಿಕಟ್ಟೆಯದು, ಮನೆ ನೆನಪಾದಾಗ ಅವಳು ಹಾಗೆ ಕೂರುತ್ತಾಳೆ ಎಂದ. ಇಷ್ಟು ದೊಡ್ಡ ಮನೆಯಲ್ಲಿ, ಇಷ್ಟು ಮಾತಾಡುವ ಅತ್ತೆ ಇರುವಾಗ, ಆ ಹುಡುಗಿಗೆ ಒಂದು ಹಿಡಿ ಪಾಚಿಯೇ ದಿಕ್ಕಾಯಿತಲ್ಲ ಎಂದು ಬೇಜಾರಾಯಿತು.

ಅಷ್ಟರಲ್ಲಿ ಆಷಾಢ ಬಂತು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಸೊಸೆ ತವರಿಗೆ ಹೋಗಬೇಕು. ಇದು ಯಾಕೆ ಎಂದು ನನ್ನನ್ನು ಕೇಳಬೇಡಿ. ಬಹುಶಃ ಅತ್ತೆಯಂದಿರಿಗೆ ಒಂದು ತಿಂಗಳ ರಜೆ ಇರಲಿ ಎಂದು ಯಾರೋ ಪುಣ್ಯಾತ್ಗಿತ್ತಿ ಮಾಡಿದ ನಿಯಮ. ಹೊರಡುವ ದಿನ ಅವಳು ಬ್ಯಾಗು ಬಾಗಿಲಲ್ಲಿಟ್ಟು, ಭರಣಿಯ ಹತ್ತಿರ ನಿಂತು, ಮದುವೆಯಾದಾಗಿನಿಂದ ಆಡದಷ್ಟು ಉದ್ದದ ಮಾತನ್ನು ನನ್ನೊಡನೆ ಆಡಿದಳು.

'ಅತ್ತೆ, ಇದಕ್ಕೆ ಎಂತದೂ ಮಾಡ್ಬೇಕಾಗಿಲ್ಲ. ನೀರು ಬೇಡ, ಗೊಬ್ಬರ ಬೇಡ, ಬಿಸಿಲಿಗೆ ಇಡದು ಬೇಡ. ಮುಚ್ಚಳ ತೆಗೀದೆ ಇದ್ರೆ ಸಾಕು, ತನ್ನ ಪಾಡಿಗೆ ತಾನು ಇರ್ತದೆ.'

ನಾನು ಆಗಲಿ ಎಂದೆ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎಂಬ ಗಾದೆ ನಮ್ಮಂಥವರನ್ನು ನೋಡಿಯೇ ಹುಟ್ಟಿದ್ದು. ನನಗೆ ಗುಡ್ಡ ಹತ್ತು ಎನ್ನಿ, ನೂರು ಜನಕ್ಕೆ ಕಡುಬು ಮಾಡು ಎನ್ನಿ, ಮಾಡುತ್ತೇನೆ. ಒಂದು ಗಿಡದ ಎದುರಿಗೆ ಕೈಕಟ್ಟಿ ಕೂರು ಎಂದರೆ ಆಗುವುದಿಲ್ಲ. ಅವಳು ಹೋದ ಮರುದಿನ ಭರಣಿಯ ಹೊರಗೆ ಒರೆಸಿದೆ. ಹೊರಗೆ ಒರೆಸಿದ ಮೇಲೆ ಒಳಗಿನ ಹನಿಗಳು ಎದ್ದು ಕಂಡವು. ಗಾಜಿನ ತುಂಬಾ ಬೆವರು. ಮುಚ್ಚಿಟ್ಟರೆ ಒಳಗಿನ ನೀರೇ ಆವಿಯಾಗಿ, ಹನಿಯಾಗಿ, ಮತ್ತೆ ಮಣ್ಣಿಗೆ ಇಳಿಯುತ್ತದೆ ಎಂದು ಕಿರಣ ಹೇಳಿದ್ದ. ನನಗೆ ಮಾತ್ರ ಉಸಿರು ಕಟ್ಟಿ ಬೆವರುತ್ತಿರುವ ಹಾಗೇ ಕಾಣುತ್ತಿತ್ತು. ಪಾಪ, ನಮ್ಮನೆಗೆ ಬಂದ ಜೀವ ಉಸಿರಾಡಲು ಆಗದೆ ಒದ್ದಾಡುತ್ತಿದೆ ಎಂದು ಮುಚ್ಚಳ ತೆಗೆದೆ. ತೆಗೆದ ಮೇಲೆ ಮಣ್ಣು ಮುಟ್ಟಿ ನೋಡದಿರಲು ಸಾಧ್ಯವೇ? ಮುಟ್ಟಿದೆ, ಒಣಗಿದ ಹಾಗೆ ಅನ್ನಿಸಿತು. ಒಂದು ಚಮಚ ನೀರು ಹಾಕಿದೆ. ಮರುದಿನ ಇನ್ನೊಂದು. ಬರೀ ನೀರಿನಲ್ಲಿ ಏನಿದೆ ಪುಷ್ಟಿ ಎಂದು ನಾಲ್ಕನೆಯ ಬಾರಿಗೆ ಕೊಟ್ಟಿಗೆ ಗೊಬ್ಬರವನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಮಗುವಿಗೆ ಔಷಧಿ ಕುಡಿಸುವ ಹಾಗೆ ಕುಡಿಸಿದೆ. ಸೊಸೆ ಬಂದಾಗ ಪಾಚಿ ಮೊದಲಿನ ಎರಡರಷ್ಟಾಗಿರಬೇಕು, ಅವಳು ನೋಡಿ 'ಅತ್ತೆ, ಹೇಗೆ ಮಾಡಿದ್ರಿ' ಎಂದು ಕೇಳಬೇಕು. ನನ್ನ ಆಸೆ ಇಷ್ಟೇ ಇತ್ತು.

ಒಂದು ಬೆಳಿಗ್ಗೆ ನೋಡಿದರೆ ಆ ಒಣಕಟ್ಟಿಗೆಯ ತುಂಡಿನ ಮೇಲೆ ಬಿಳಿ ಬೂಷ್ಟು. ಹತ್ತಿಯ ಎಳೆ ಹರಡಿದ ಹಾಗೆ ಪಾಚಿಯ ಮೇಲಕ್ಕೂ ಬಂದಿತ್ತು. ಆಗ ನಾನು ಮಾಡಿದ ದೊಡ್ಡ ತಪ್ಪೆಂದರೆ ನಮ್ಮನೆಯವರನ್ನು ಕರೆದದ್ದು.

ನಮ್ಮನೆಯವರ ವಿಷಯ ಸ್ವಲ್ಪ ಹೇಳಬೇಕು. ಅವರು ಡಾಕ್ಟರಲ್ಲ, ಆದರೆ ಅಂಗಡಿಗೆ ಬರುವ ರೈತರು ಪ್ಲಾಸ್ಟಿಕ್ ಕವರಿನಲ್ಲಿ ಕಾಯಿಲೆಯ ಎಲೆ, ಉದುರಿದ ಕಾಯಿ ಹಾಕಿಕೊಂಡು ಬಂದು ಮೇಜಿನ ಮೇಲೆ ಸುರಿಯುವುದರಿಂದ ಅವರಿಗೆ ಡಾಕ್ಟರ ಗತ್ತು ಬಂದುಬಿಟ್ಟಿದೆ. ಎಲೆಯನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, 'ಎಷ್ಟು ದಿನ ಆತು?' ಎಂದು ಕೇಳುತ್ತಾರೆ. ಮದುವೆಮನೆಗೆ ಹೋದರೆ ಚಪ್ಪರಕ್ಕೆ ಕಟ್ಟಿದ ಬಾಳೆಯ ರೋಗ ಹುಡುಕುತ್ತಾರೆ. ಆಷಾಢವೆಂದರೆ ಅವರ ಸೀಸನ್ನು. ಅಡಿಕೆಗೆ ಕೊಳೆರೋಗ ಬರುವ ಕಾಲ, ಊರೆಲ್ಲ ಸುಣ್ಣ ಮೈಲುತುತ್ತ ಕಲಸಿ ಬೋರ್ಡೋ ಔಷಧಿ ಹೊಡೆಯುವ ಕಾಲ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಮೈಲುತುತ್ತದ ಚೀಲ. ಅವರ ಅಂಗಿಯ ಮೇಲೆ, ಹುಬ್ಬಿನ ಮೇಲೆ, ಕೆಲವೊಮ್ಮೆ ಅನ್ನದ ತಟ್ಟೆಯ ಅಂಚಿನಲ್ಲೂ ನೀಲಿ. ಕೊಳೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅವರ ಕೈ ತಾನಾಗಿಯೇ ಪಂಪು ಹುಡುಕುತ್ತದೆ.

ಅವರು ಭರಣಿಯನ್ನು ಬೆಳಕಿಗೆ ಹಿಡಿದರು. ಕಣ್ಣು ಕಿರಿದು ಮಾಡಿದರು. ಎಷ್ಟು ದಿನ ಆಯಿತೆಂದು ನನ್ನನ್ನೇ ಕೇಳಿದರು. ಆಮೇಲೆ, 'ಇದು ಫಂಗಸ್ಸು ಮಾರಾಯ್ತಿ. ಹಿಂಗೇ ಬಿಟ್ರೆ ಪೂರಾ ಹೋಗ್ತದೆ. ಒಂದು ರೌಂಡ್ ಬೋರ್ಡೋ ಹೊಡ್ದುಬಿಡಣ' ಎಂದರು.

ನನಗೂ ಅದು ಸರಿ ಎನಿಸಿತು. ಇದರಲ್ಲಿ ಅವರೊಬ್ಬರದೇ ತಪ್ಪು ಎಂದು ನಾನು ಹೇಳುವುದಿಲ್ಲ, ಹೇಳಿ ನೋಡಿದೆ, ಯಾರೂ ಒಪ್ಪಲಿಲ್ಲ. ಈ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಬಿಳಿ ಬೂಷ್ಟು ಕಂಡರೆ ಬೋರ್ಡೋ ಎನ್ನುವುದು ಮಗು ಅತ್ತರೆ ಹಾಲು ಎಂಬಷ್ಟೇ ಸಹಜ. ಅವರು ಅಂಗಡಿಯಿಂದ ತಾಜಾ ಔಷಧಿಯನ್ನು ಲೋಟದಲ್ಲಿ ತಂದರು, ನಾನು ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿ ತಂದೆ. ಇಬ್ಬರೂ ಸೇರಿ, ನಾನು ಭರಣಿ ತಿರುಗಿಸುತ್ತಾ, ಅವರು ಹೊಡೆಯುತ್ತಾ, ಮೂಲೆಮೂಲೆಗೂ ತಾಗುವ ಹಾಗೆ ಶ್ರದ್ಧೆಯಿಂದ ಮಾಡಿದೆವು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾವಿಬ್ಬರೂ ಜಗಳವಿಲ್ಲದೆ ಕೂಡಿ ಮಾಡಿದ ಕೆಲಸಗಳಲ್ಲಿ ಅದೂ ಒಂದು.

ಬೂಷ್ಟು ಹೋಯಿತು, ಅದನ್ನು ಒಪ್ಪಬೇಕು. ಬೂಷ್ಟಿನ ಜೊತೆಗೆ ಉಳಿದದ್ದೂ ಹೋಯಿತು. ಪಾಚಿ ಮೊದಲು ಮಂಕಾಯಿತು, ಆಮೇಲೆ ಕಂದಾಯಿತು, ಕೊನೆಗೆ ಕಾಫಿ ಚರಟದ ಬಣ್ಣಕ್ಕೆ ತಿರುಗಿ ಮುದುಡಿ ಕೂತಿತು. ಜರಿಗಿಡ ತಲೆ ಬಗ್ಗಿಸಿತು. ಆ ಉಗುರಿನಷ್ಟು ಮಣ್ಣಿನ ಮನೆಗೆ ಮಾತ್ರ ತೆಳ್ಳಗೆ ನೀಲಿ ಸುಣ್ಣ ಬಳಿದ ಹಾಗಾಗಿ, ಅದೊಂದೇ ಹಬ್ಬದ ಕಳೆಯಲ್ಲಿ ನಿಂತಿತ್ತು. ಕಿರಣ ನೋಡಿ ತಲೆಗೆ ಕೈ ಹೊತ್ತುಕೊಂಡ. ಅಪ್ಪನಿಗೂ ಅಮ್ಮನಿಗೂ ಸೇರಿ ಒಂದು ಪಾಚಿಯನ್ನು ಅದರ ಪಾಡಿಗೆ ಬಿಡಲು ಆಗಲಿಲ್ಲವಲ್ಲ ಎಂದ. ಪಾಚಿಯನ್ನು ಕೊಲ್ಲಬೇಕೆಂದೇ ಜನ ಮೈಲುತುತ್ತ ಕೊಂಡುಹೋಗುವುದುಂಟಂತೆ, ಅದು ಅಂಗಡಿಯಲ್ಲಿ ಕೂತ ಅಪ್ಪನಿಗೆ ಗೊತ್ತಿರಬೇಕಿತ್ತಂತೆ. ನಮ್ಮನೆಯವರು ಗೊತ್ತಿತ್ತು, ಆ ಹೊತ್ತಿಗೆ ಹೊಳೆಯಲಿಲ್ಲ ಎಂದರು.

ನಾನು ಮಾತ್ರ ಆ ದಿನ ಊಟ ಮಾಡಲಿಲ್ಲ. ಬೇರೆ ಏನಾದರೂ ಆಗಿದ್ದರೆ, ಅವಳ ಸೀರೆ ಹರಿದಿದ್ದರೆ, ಹೊಸದು ಕೊಡಿಸಿ ಬಾಯಿ ಮುಚ್ಚಿಸಬಹುದಿತ್ತು. ಇದು ಅವಳ ತವರಿನ ಬಾವಿಕಟ್ಟೆ. ಈ ಮನೆಯಲ್ಲಿ ಅವಳು ಹಣೆ ತಾಗಿಸಿ ಕೂರಲು ಇದ್ದದ್ದು ಅದೊಂದೇ. ಬಂದು ನೋಡಿ ಏನೆಂದುಕೊಳ್ಳುತ್ತಾಳೆ? ತಾನು ತಂದದ್ದು ಈ ಮನೆಯಲ್ಲಿ ಬದುಕುವುದಿಲ್ಲ ಎಂದುಕೊಂಡರೆ? ಬಾಯಿಬಿಟ್ಟು ಬೈದರೆ ಪರವಾಗಿಲ್ಲ, ಆದರೆ ಅವಳು ಬೈಯುವುದಿಲ್ಲ. 'ಸರಿ ಅತ್ತೆ' ಎನ್ನುತ್ತಾಳೆ. ಅದಾದ ಮೇಲೆ ಅವಳು ಈ ಜನ್ಮದಲ್ಲಿ ನನ್ನೊಡನೆ ಮನಸ್ಸು ಬಿಚ್ಚಿ ಮಾತಾಡುತ್ತಾಳೆಯೇ?

ಸಾಲದ್ದಕ್ಕೆ ಅವಳಿಂದ ಮೆಸೇಜು ಬರತೊಡಗಿತು, ಭರಣಿಯ ಫೋಟೋ ಕಳಿಸಿ ಅತ್ತೆ ಎಂದು. ಅವಳು ಹೋದ ದಿನ ನಾನು ತೆಗೆದಿಟ್ಟ ಒಂದು ಫೋಟೋ ಇತ್ತು. ಅದನ್ನೇ ಕಳಿಸಿದೆ. ಮತ್ತೆ ಕೇಳಿದಾಗ ಅದನ್ನೇ ಸ್ವಲ್ಪ ಕತ್ತರಿಸಿ ಕಳಿಸಿದೆ. ಮೂರನೆಯ ಸಲ ಕಿರಣನಿಗೆ ಗದರಿಸಿ ಅದರ ಬೆಳಕು ಜಾಸ್ತಿ ಮಾಡಿಸಿ ಕಳಿಸಿದೆ. ಹೆಂಡತಿಗೆ ಒಂದಕ್ಷರ ಹೇಳಿದರೆ ನನ್ನಾಣೆ ಎಂದು ಅವನ ಬಾಯಿಗೂ ಬೀಗ ಹಾಕಿದ್ದೆ. ಕೊನೆಗೊಂದು ದಿನ ಅವಳ ಉತ್ತರ ಬಂತು: 'ಅತ್ತೆ, ಹನಿ ದಿನಾ ಅದೇ ಜಾಗದಲ್ಲಿ ನಿಂತಿರ್ತದಲ್ಲ?' ನಾನು ಫೋನನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟು ಬೇರೆ ಕೆಲಸ ನೋಡಿದೆ.

ಉಳಿದದ್ದು ಒಂದೇ ದಾರಿ. ನಮ್ಮ ಕಾಂಪೌಂಡಿನ ಮೇಲೆ ಬೇಕಾದಷ್ಟು ಪಾಚಿ ಇತ್ತು, ಅದನ್ನೇ ಕೆತ್ತಿ ತುಂಬಬಹುದಿತ್ತು. ನಮ್ಮನೆಯವರು ಹಾಗೇ ಹೇಳಿದರು, ಪಾಚಿಗೇನು ಊರಿನ ಹೆಸರು ಬರೆದಿರುತ್ತದೆಯೇ ಎಂದು. ಅವಳಿಗೆ ಗೊತ್ತಾಗದಿರಬಹುದು, ಆದರೆ ಎನ್.ಆರ್.ಪುರದ ಕಾಂಪೌಂಡಿಗೆ ಆ ಹುಡುಗಿ ಹಣೆ ತಾಗಿಸಿ ಕೂರುವುದನ್ನು ನಾನು ದಿನಾ ನೋಡುತ್ತಾ ಇರಬೇಕಲ್ಲ. ಅಷ್ಟು ಮೋಸ ನನ್ನಿಂದ ಆಗದು. ಅದಕ್ಕಿಂತ ಸಣ್ಣ ಮೋಸ ಒಂದನ್ನು ಯೋಚಿಸಿದೆ. ಕಿಗ್ಗದ ದೇವರ ದರ್ಶನಕ್ಕೆ ಹೋಗುವುದು, ಹಾಗೇ ಬೀಗರ ಮನೆಯ ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಪಾಚಿ ತರುವುದು. ಮಳೆ ಬೇಕಾದವರು, ಸಾಕಾದವರು ಎಲ್ಲರೂ ಬೇಡಿಕೊಳ್ಳುವ ದೇವರು ಅದು. ಮಳೆಯನ್ನೇ ಕೊಡುವವನಿಗೆ ಒಂದು ಡಬ್ಬಿ ಪಾಚಿ ಕೊಡಿಸುವುದು ಯಾವ ಲೆಕ್ಕ?

ಸೀಸನ್ನಿನಲ್ಲಿ ಅಂಗಡಿ ಬಿಟ್ಟು ಬರಲು ನಮ್ಮನೆಯವರು ತಕರಾರು ಮಾಡುತ್ತಾರೆಂದುಕೊಂಡಿದ್ದೆ. ಪಾಪ, ಮಾಡಲಿಲ್ಲ. ಅವರಿಗೂ ಒಳಗೊಳಗೆ ಚುಚ್ಚುತ್ತಿತ್ತು. ಕಿರಣನನ್ನು ಅಂಗಡಿಯಲ್ಲಿ ಕೂರಿಸಿ, ಅಂಗಡಿಯ ಪಿಕಪ್ಪಿನಲ್ಲಿ ಇಬ್ಬರೂ ಹೊರಟೆವು. ನನ್ನ ಚೀಲದಲ್ಲಿ ಹಣ್ಣುಕಾಯಿ, ಅದರ ಕೆಳಗೆ ಒಂದು ಸ್ಟೀಲ್ ಡಬ್ಬಿ, ಒಂದು ಚಮಚ. ದಾರಿಯುದ್ದಕ್ಕೂ ಅವರು ರಸ್ತೆ ಪಕ್ಕದ ತೋಟಗಳನ್ನು ನೋಡಿ ಇವರಿನ್ನೂ ಔಷಧಿ ಹೊಡೆದಿಲ್ಲ, ಅವರು ಹೊಡೆದದ್ದು ಸರಿಯಾಗಿಲ್ಲ ಎನ್ನುತ್ತಿದ್ದರು. ಔಷಧಿ ಎಂಬ ಮಾತು ಕೇಳಿದಾಗಲೆಲ್ಲ ನಾನು ಅವರನ್ನೊಮ್ಮೆ ನೋಡುತ್ತಿದ್ದೆ, ಅವರು ಗೇರು ಬದಲಾಯಿಸುತ್ತಿದ್ದರು.

ಪಾಚಿಯ ಜೊತೆಗೆ ಸೊಸೆಯ ಬಾಯಿಯನ್ನೂ ಬಿಡಿಸಪ್ಪ ಎಂದು ಕೈಮುಗಿದು, ದರ್ಶನ ಮುಗಿಸಿ ಬೀಗರ ಮನೆಯಂಗಳದಲ್ಲಿ ನಿಂತಾಗ ನಿಜವಾದ ಫಜೀತಿ ಶುರುವಾಯಿತು. ಆಷಾಢ. ಸೊಸೆ ಒಳಗಿದ್ದಾಳೆ. ನಾನು ಹೊಸ್ತಿಲು ದಾಟುವ ಹಾಗಿಲ್ಲ. ಬೀಗಿತ್ತಿ ಒಳ್ಳೆಯ ಹೆಂಗಸು. ಬಂದ ಬೀಗರನ್ನು ಒಳಗೆ ಕರೆಯುವಂತಿಲ್ಲ, ಅಂಗಳದಲ್ಲೇ ನಿಲ್ಲಿಸಿ ಕಳಿಸುವಂತೆಯೂ ಇಲ್ಲ ಎಂದು ಅವರ ಮುಖ ಬಾಡಿಹೋಯಿತು. ಮಗಳು ಒಳಗೆ ಸ್ನಾನಕ್ಕೆ ಹೋಗಿದ್ದಾಳೆ ಎಂದರು. ಅಂಗಳದ ಶೀಟಿನ ಕೆಳಗೆ ಕುರ್ಚಿ ಹಾಕಿದರು, ನಾಲ್ಕು ಸಲ ಕ್ಷಮಿಸಿ ಎಂದರು. ನಾನು ಕಾಲು ತೊಳೆದುಕೊಳ್ಳಬೇಕಿತ್ತು, ಬಾವಿ ಹತ್ತಿರ ಹೋಗಿಬರುತ್ತೇನೆ ಎಂದೆ. ತಣ್ಣೀರು ಯಾಕೆ ಎಂದು ಅಡುಗೆಮನೆಯಿಂದ ಬಿಸಿನೀರನ್ನೇ ಚೊಂಬಿನಲ್ಲಿ ತಂದುಕೊಟ್ಟರು. ನಿಮ್ಮ ಹಿತ್ತಲ ಹೂವಿನ ಗಿಡ ನೋಡಬೇಕಿತ್ತು ಎಂದೆ. ಮಳೆಯಲ್ಲಿ ಜಾರುತ್ತದೆ, ಪಾಚಿ ವಿಪರೀತ ಎಂದರು. ಪಾಚಿ ಎಂದ ಕೂಡಲೇ ನನಗೆ ಎದ್ದು ಓಡುವಂತಾಯಿತು. ಅಷ್ಟರಲ್ಲಿ ನಮ್ಮನೆಯವರು ಪುಣ್ಯಕ್ಕೆ ಒಂದು ಒಳ್ಳೆಯ ಕೆಲಸ ಮಾಡಿದರು. ಅಂಗಳದಂಚಿನ ಕಾಳುಮೆಣಸಿನ ಬಳ್ಳಿಯ ಎಲೆ ಹಳದಿಯಾಗಿದೆ ಎಂದು ರಚನಾಳ ಅಪ್ಪನನ್ನು ಅಲ್ಲಿಗೆ ಎಳೆದುಕೊಂಡು ಹೋದರು. ಬೀಗಿತ್ತಿ ಕಾಫಿ ಮಾಡಲು ಒಳಗೆ ಹೋದರು. ನಾನು ಚೀಲ ಹಿಡಿದು ಮನೆಯ ಪಕ್ಕದ ಓಣಿಯಲ್ಲಿ ಹಿತ್ತಲಿಗೆ ನುಗ್ಗಿದೆ.

ಬಾವಿಕಟ್ಟೆ ಕಂಡಾಗ ಬಂದ ಸಂತೋಷ ಹೇಳಲಾರೆ. ಅದೇ ದಟ್ಟ ಹಸಿರು. ಆದರೆ ಕಟ್ಟೆಯ ಹೊರಮೈಯನ್ನು ಯಾರೋ ಮೊನ್ನೆಯಷ್ಟೇ ಉಜ್ಜಿ ತೊಳೆದಿದ್ದರು, ಚೆನ್ನಾದ ಪಾಚಿ ಇದ್ದದ್ದು ಒಳಮೈಯ ಕಲ್ಲಿನಲ್ಲಿ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಟ್ಟೆಯ ಮೇಲೆ ಹೊಟ್ಟೆ ಊರಿ, ಒಂದು ಕೈಯಲ್ಲಿ ಡಬ್ಬಿ, ಒಂದು ಕೈಯಲ್ಲಿ ಚಮಚ ಹಿಡಿದು ಬಾವಿಯೊಳಗೆ ಬಗ್ಗಿದೆ. ಎರಡು ಚಮಚ ಕೆರೆದಿರಬಹುದು. ಹಿಂದಿನಿಂದ ಯಾರೋ ನನ್ನ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದು ದಬಕ್ಕನೆ ಎಳೆದರು. ಡಬ್ಬಿ ಬಾವಿಗೆ ಬಿತ್ತು. ನಾನು ಹಿಂದಕ್ಕೆ ಬಿದ್ದೆ, ನನ್ನ ಕೆಳಗೆ ಸೊಸೆ.

ಬಚ್ಚಲಿನಿಂದ ತಲೆಗೆ ಟವೆಲು ಸುತ್ತಿಕೊಂಡು ಬಂದ ಹುಡುಗಿಗೆ ಬಾವಿಯೊಳಗೆ ಅರ್ಧ ಇಳಿದ ಅತ್ತೆ ಕಂಡರೆ ಅವಳಾದರೂ ಏನು ಮಾಡಿಯಾಳು? ಎಂತ ಆಯಿತು ಅತ್ತೆ, ಮನೆಯಲ್ಲಿ ಏನಾಯಿತು, ಮಾವ ಬೈದರಾ ಎಂದು ಒಂದರ ಮೇಲೊಂದು ಕೇಳಿದಳು. ನನಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಕೈಯಲ್ಲಿನ್ನೂ ಚಮಚ ಇತ್ತು, ಅದಕ್ಕೆ ಪಾಚಿ ಮೆತ್ತಿತ್ತು. ಅವಳು ಚಮಚ ನೋಡಿದಳು, ನನ್ನ ಮುಖ ನೋಡಿದಳು.

'ಅತ್ತೆ, ಭರಣಿದು ಸತ್ತು ಹೋಯ್ತಾ?'

ನಾನು ಎಲ್ಲವನ್ನೂ ಹೇಳಿದೆ. ಬೆವರು ಒರೆಸಿದ್ದು, ನೀರು, ಗೊಬ್ಬರದ ಬಗ್ಗಡ, ಬೂಷ್ಟು, ಬೋರ್ಡೋ, ಒಂದೇ ಫೋಟೋ. ನಿನ್ನ ತವರಿನದು ನನ್ನ ಕೈಯಲ್ಲಿ ಹೋಯಿತಲ್ಲ ಎಂದು ಹೇಳುವಾಗ ನನಗೆ ಅಳುವೇ ಬಂತು. ಇನ್ನು ಬರುತ್ತದೆ 'ಸರಿ ಅತ್ತೆ' ಎಂದು ಕಾದೆ. ಬರಲಿಲ್ಲ. ಅವಳು ಒದ್ದೆ ಕಲ್ಲಿನ ಮೇಲೆ ಹಾಗೇ ಕೂತು ಬಾಯಿಗೆ ಟವೆಲು ಅಡ್ಡ ಹಿಡಿದಳು. ಭುಜ ಕುಣಿಯುತ್ತಿತ್ತು. ಅಳುತ್ತಿದ್ದಾಳೆಂದು ನಾನು ಬೆನ್ನು ಸವರಿದೆ. ನೋಡಿದರೆ ಹುಡುಗಿ ನಗುತ್ತಿದ್ದಾಳೆ. 'ಬೋರ್ಡೋ' ಎನ್ನುತ್ತಾಳೆ, ನಗುತ್ತಾಳೆ. 'ಮಾವ, ಪಾಚಿಗೆ' ಎನ್ನುತ್ತಾಳೆ, ಮತ್ತೆ ನಗುತ್ತಾಳೆ. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು ನನ್ನ ಮುಖವನ್ನೇ ನೋಡಿ ಹೇಳಿದಳು:

'ಅತ್ತೆ, ಒಂದು ಮಾತು ಹೇಳ್ಲಾ, ಬೇಜಾರು ಮಾಡ್ಕಬೇಡಿ. ಆಷಾಢ ಮುಗೀತಾ ಬಂತು ಅಂದ್ರೆ ನಂಗೆ ಹೆದರಿಕೆ ಆಗ್ತಿತ್ತು. ನಿಮ್ಮ ಕೈಯಲ್ಲಿ ಎಂತದೂ ತಪ್ಪಾಗೋದೇ ಇಲ್ಲ. ದೋಸೆ ಹರಿಯಲ್ಲ, ನೆಟ್ಟ ಗಿಡ ಸಾಯಲ್ಲ, ಊರವ್ರೆಲ್ಲ ಅದನ್ನೇ ಹೇಳ್ತಾರೆ. ಅಂಥವ್ರ ಎದುರಿಗೆ ನಾನು ಬಾಯಿ ಬಿಟ್ರೆ ಎಂತ ತಪ್ಪಾಗ್ತದೋ ಅಂತ ಸುಮ್ಮನೆ ಇರ್ತಿದ್ದೆ. ಈಗ ಸಮಾಧಾನ ಆತು.'

ನನ್ನ ಎದೆಯ ಮೇಲಿದ್ದ ಚಪ್ಪಡಿಕಲ್ಲು ಇಳಿಯಿತು. ಇಳಿದ ಜಾಗದಲ್ಲಿ ಸ್ವಲ್ಪ ಉರಿಯಿತು ಕೂಡ, ಸುಳ್ಳು ಯಾಕೆ ಹೇಳಲಿ. ಯಾವ ಕೈಗುಣವನ್ನು ನಾನು ಊರೆಲ್ಲ ಹೊತ್ತು ತಿರುಗುತ್ತಿದ್ದೆನೋ ಅದೇ ಈ ಹುಡುಗಿಯ ಬಾಯಿ ಕಟ್ಟಿಹಾಕಿತ್ತು. ಅವಳಿಗಾಗಿ ನಾನು ಮಾಡಿದ ಕಡುಬು, ಕಾಯಿಹಾಲು, ಹಾಕಿದ ಹೆರಳು, ಮುಡಿಸಿದ ಹೂವು ಯಾವುದೂ ಮಾಡದ ಉಪಕಾರವನ್ನು ಒಂದು ಲೋಟ ಬೋರ್ಡೋ ಮಾಡಿತ್ತು. ನಾನು ಅವಳನ್ನು ಹಿಡಿದುಕೊಂಡು ನಕ್ಕೆ. ಅಷ್ಟು ಹೊತ್ತಿಗೆ ಕಾಫಿ ಲೋಟ ಹಿಡಿದು ಬಂದ ಬೀಗಿತ್ತಿ, ಆಷಾಢದಲ್ಲಿ ಅತ್ತೆ ಸೊಸೆ ಮಣ್ಣಿನಲ್ಲಿ ಕೂತು ನಗುವುದನ್ನು ನೋಡಿ ಗಾಬರಿಯಾದರು. ದೋಷ ಬರುವುದಿಲ್ಲವೇ ಎಂದರು. ನಾನು, ನಿಯಮ ಇರುವುದು ಹೊಸ್ತಿಲಿಗೆ, ಬಾವಿಗೆ ಎಲ್ಲಿದೆ ಹೊಸ್ತಿಲು ಎಂದು ಕಾಫಿ ತೆಗೆದುಕೊಂಡೆ. ಆ ಕಾಫಿಯಷ್ಟು ರುಚಿಯಾದ ಕಾಫಿಯನ್ನು ನಾನು ಬಹಳ ಕಾಲದಿಂದ ಕುಡಿದಿರಲಿಲ್ಲ.

ಶ್ರಾವಣಕ್ಕೆ ಅವಳು ಬಂದಳು, ಕಿಗ್ಗದ ಪಾಚಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು. ಭರಣಿಯನ್ನು ನಾಲ್ಕು ಸಲ ತೊಳೆದು, ಬಿಸಿಲಿಗೆ ಒಣಗಿಸಿ, ಮತ್ತೆ ಜಲ್ಲಿ, ಇದ್ದಿಲು, ಮಣ್ಣು ತುಂಬಿದಳು. ಈ ಸಲ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು. ಪಾಚಿಯನ್ನು ಕೆರೆಯಬಾರದಂತೆ, ದೋಸೆ ಮಗುಚುವ ಹಾಗೆ ಅಡಿಯಿಂದ ಎತ್ತಬೇಕಂತೆ. ಮಣ್ಣಿಗೆ ಒತ್ತಿ ಕೂರಿಸಬೇಕಂತೆ. ನಾನು ಕೈ ಚಾಚಿದಾಗ, 'ಅತ್ತೆ, ನೀವು ಸುಮ್ನೆ ನೋಡಿ' ಎಂದಳು. ನಾನು ನೋಡಿದೆ. ಮುಚ್ಚಳ ಹಾಕಿದ ಮೇಲೆ ನಮ್ಮನೆಯವರು ಬಂದು ಬಗ್ಗಿ, ಕಣ್ಣು ಕಿರಿದು ಮಾಡುವಷ್ಟರಲ್ಲಿ, 'ಮಾವ, ಅಂಗಡಿಗೆ ಹೊತ್ತಾಯ್ತು' ಎಂದಳು. ಅವರು ಬೀಗದಕೈ ಎತ್ತಿಕೊಂಡು ಹೋದರು.

ಈಗ ಮನೆಯಲ್ಲಿ ಮಾತೇ ಮಾತು. ಬಾವಿಯ ಕಥೆಯನ್ನು ಅವಳು ಶಾರದಮ್ಮನಿಗೆ ಅಭಿನಯ ಸಮೇತ ಹೇಳಿದ್ದಾಳೆ. ಅವರ ಕರಿಬೇವು ಈಗ ನಮ್ಮ ಜಗಲಿಗೆ ಬಂದರೂ ನನ್ನನ್ನಲ್ಲ, ರಚನಾ ಇದ್ದಾಳಾ ಎಂದು ಕೇಳುತ್ತಾರೆ. ಆಗಲಿ, ಭಾರ ಇಳಿಯಿತು ಎಂದುಕೊಂಡೆ. ದೋಸೆ ಹರಿದರೆ ಈಗ ನಾನೂ ಹರಿದ ದೋಸೆಯನ್ನೇ ತಟ್ಟೆಗೆ ಹಾ‌ಕುತ್ತೇನೆ, ಅಡಗಿಸಿಡುವುದಿಲ್ಲ. ಇಷ್ಟು ವರ್ಷ ಹರಿದದ್ದನ್ನೆಲ್ಲ ನಾನೇ ಒಲೆಯ ಬುಡದಲ್ಲಿ ನಿಂತು ತಿನ್ನುತ್ತಿದ್ದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಮೊನ್ನೆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ರಚನಾ ಎರಡು ತುತ್ತು ತಿಂದು, ನನ್ನನ್ನು ನೋಡಿ, ನಗುನಗುತ್ತಲೇ ಅಂದಳು, 'ಅತ್ತೆ, ನಿಮ್ಮ ಸಾರಿಗೆ ಹುಳಿ ಯಾವಾಗ್ಲೂ ಒಂಚೂರು ಜಾಸ್ತಿ. ಮದ್ವೆ ಆದಾಗಿಂದ ಹೇಳ್ಬೇಕು ಅಂತಿದ್ದೆ.' ನನಗೆ ಸಿಟ್ಟು ಬರಲಿಲ್ಲ, ಮನಸ್ಸು ತುಂಬಿ ಬಂತು. ಮಗಳಾಗಿದ್ದರೂ ಹೀಗೇ ಹೇಳುತ್ತಿದ್ದಳು ಎಂದುಕೊಂಡು ನಾನೂ ನಗಬೇಕು ಎನ್ನುವಷ್ಟರಲ್ಲಿ ನಮ್ಮನೆಯವರು ತಟ್ಟೆಯಿಂದ ತಲೆ ಎತ್ತದೆ, 'ನಾನೂ' ಎಂದರು.

ಸೊಸೆ ಬಾಯಿ ಬಿಡಲಿ ಎಂದು ನಾನು ಕಿಗ್ಗದಲ್ಲಿ ಕೈಮುಗಿದು ಬೇಡಿಕೊಂಡದ್ದು ನಿಜ. ಜೊತೆಗೆ ಗಂಡನ ಬಾಯಿಯೂ ಬಿಡುತ್ತದೆ ಎಂದು ನನಗೇನು ಗೊತ್ತಿತ್ತು?